ಪ್ರಾಚೀನ ಇಸ್ರಾಯೇಲಿನಲ್ಲಿ ದೇವರಿಗೆ ಹೊತ್ತ ಹರಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೈಸ್ತರು ಹಳೆಯ ಒಡಂಬಡಿಕೆ ಎಂದು ಕರೆಯುವ ಹೀಬ್ರೂ ಧರ್ಮಗ್ರಂಥದಲ್ಲಿ ಹರಕೆ ಹೊತ್ತವರ ಪ್ರಸಂಗಗಳೂ ಹರಕೆಯ ಕಟ್ಟಳೆಗಳೂ ಬೇರೆ ಬೇರೆ ಪುಸ್ತಕಗಳಲ್ಲಿ ಚದುರಿಕೊಂಡಿವೆ. ಅವುಗಳನ್ನು ಓದುವವರು, ಹಾಗೆಯೇ ತಾವೇ ಹರಕೆ ಹೊತ್ತು ಅದನ್ನು ಹೇಗೆ ತೀರಿಸುವುದೆಂದು ಚಿಂತಿಸುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉತ್ತರಗಳ ಉದ್ದಕ್ಕೂ ಒಂದು ವಿಚಾರಣೆ ಸಾಗುತ್ತದೆ: ಹರಕೆಯ ಮಾತನ್ನು ಆಡಿದವರು ಯಾರು, ಅದರ ಬೆಲೆಯನ್ನು ತೆತ್ತವರು ಯಾರು?

ಹರಕೆಗೂ ಆಣೆಗೂ ಇದ್ದ ವ್ಯತ್ಯಾಸವೇನು?

ಆಣೆಯು ಹೆಚ್ಚಾಗಿ ಮನುಷ್ಯರ ನಡುವಿನ ವ್ಯವಹಾರವಾಗಿತ್ತು. ಹೇಳಿದ ಮಾತು ನಿಜವೆಂದೋ ಕೊಟ್ಟ ಮಾತನ್ನು ನಡೆಸುವೆನೆಂದೋ ದೇವರನ್ನು ಸಾಕ್ಷಿಯಾಗಿ ಕರೆಯುವುದು ಅದರ ಸ್ವರೂಪ. ಹರಕೆಯಲ್ಲಿ ದೇವರು ಸಾಕ್ಷಿಯಲ್ಲ, ಮಾತನ್ನು ಪಡೆದುಕೊಳ್ಳುವವನೇ ಅವನು. ಹರಕೆಗಳಲ್ಲಿಯೂ ಎರಡು ಬಗೆಯವು ಕಾಣಸಿಗುತ್ತವೆ. ದೇವರು ಇಂಥದ್ದನ್ನು ನಡೆಸಿಕೊಟ್ಟರೆ ತಾನು ಇಂಥದ್ದನ್ನು ಒಪ್ಪಿಸುವೆನೆಂಬುದು ಒಂದು. ಯಾವ ಷರತ್ತೂ ಇಲ್ಲದೆ ಏನನ್ನಾದರೂ ಮೀಸಲಿಡುವುದು ಅಥವಾ ಏನನ್ನಾದರೂ ವರ್ಜಿಸುವುದು ಇನ್ನೊಂದು. ಹೀಬ್ರೂ ಧರ್ಮಗ್ರಂಥದ ನಾಲ್ಕನೆಯ ಪುಸ್ತಕವಾದ ಅರಣ್ಯಕಾಂಡದ 30ನೇ ಅಧ್ಯಾಯವು ಹರಕೆ ಮತ್ತು ಆಣೆ ಎರಡನ್ನೂ ಒಟ್ಟಿಗೆ ಹೆಸರಿಸಿ, ಬಾಯಿಂದ ಹೊರಟ ಮಾತಿನಂತೆಯೇ ನಡೆಯಬೇಕೆಂದು ಎರಡಕ್ಕೂ ಒಂದೇ ನಿಯಮವನ್ನು ವಿಧಿಸುತ್ತದೆ.

ಹರಕೆ ಹೊರಲೇಬೇಕೆಂಬ ಆಜ್ಞೆ ಇತ್ತೇ?

ಇರಲಿಲ್ಲ. ಧರ್ಮೋಪದೇಶಕಾಂಡದ 23ನೇ ಅಧ್ಯಾಯವು ಹೊತ್ತ ಹರಕೆಯನ್ನು ತಡಮಾಡದೆ ತೀರಿಸಬೇಕೆಂದು ಹೇಳಿದ ಕೂಡಲೇ, ಹರಕೆಯನ್ನೇ ಹೊರದಿದ್ದರೆ ಅದರಲ್ಲಿ ಪಾಪವಿಲ್ಲವೆಂದೂ ಸ್ಪಷ್ಟವಾಗಿ ಸೇರಿಸುತ್ತದೆ. ಪ್ರಸಂಗಿಯ 5ನೇ ಅಧ್ಯಾಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಲೇಸೆನ್ನುತ್ತದೆ. ತಪ್ಪಿ ಆಡಿದೆನೆಂದು ಆಮೇಲೆ ನೆಪ ಹೇಳುವುದನ್ನೂ ನಿಷೇಧಿಸುತ್ತದೆ. ಹಬ್ಬಗಳು, ದಶಮಾಂಶ (ಆದಾಯದ ಹತ್ತನೆಯ ಒಂದು ಪಾಲು), ಸಬ್ಬತ್ (ವಾರದ ವಿಶ್ರಾಂತಿ ದಿನ) ಮುಂತಾದ ಕಡ್ಡಾಯದ ವಿಧಿಗಳೇ ತುಂಬಿದ್ದ ಧರ್ಮಶಾಸ್ತ್ರದಲ್ಲಿ ಹರಕೆಯೊಂದನ್ನು ಪೂರ್ತಿಯಾಗಿ ಮನುಷ್ಯನ ಇಚ್ಛೆಗೆ ಬಿಡಲಾಗಿತ್ತು. ಹರಕೆ ಹೊರದ ಕಾರಣಕ್ಕೆ ದೇವರು ಮುನಿದಾನೆಂಬ ಭಯಕ್ಕೆ ಈ ಗ್ರಂಥಗಳಲ್ಲಿ ಆಧಾರವಿಲ್ಲ, ಮತ್ತು ಈ ಒಂದು ಮಾತನ್ನು ತಿಳಿದರೆ ಎಷ್ಟೋ ಜನರ ಮನಸ್ಸಿನ ಭಾರ ಇಳಿಯುತ್ತದೆಂದು ನಾವು ನಂಬುತ್ತೇವೆ.

ಇದು ಇಸ್ರಾಯೇಲ್ಯರಲ್ಲಿ ಮಾತ್ರ ಇದ್ದ ಪದ್ಧತಿಯೇ?

ಅಲ್ಲ. ಸಿರಿಯಾದ ಅಲೆಪ್ಪೊ ಬಳಿ ಸಿಕ್ಕ, ಸುಮಾರು ಕ್ರಿಸ್ತಪೂರ್ವ 9ನೇ ಶತಮಾನದ ಒಂದು ಶಿಲೆಯಲ್ಲಿ ಬರ್-ಹದದ್ ಎಂಬ ಅರಸನು ಮೆಲ್ಕಾರ್ಟ್ ದೇವನಿಗೆ ಹರಕೆ ಹೊತ್ತದ್ದನ್ನೂ ದೇವನು ತನ್ನ ದನಿಯನ್ನು ಕೇಳಿದ್ದನ್ನೂ ಅರಾಮಿ ಭಾಷೆಯಲ್ಲಿ ಕೆತ್ತಿಸಿದ್ದಾನೆ. ಉತ್ತರ ಆಫ್ರಿಕದ ಕಾರ್ಥೇಜ್ ನಗರದ ನೂರಾರು ಪ್ಯೂನಿಕ್ ಭಾಷೆಯ ಶಾಸನಗಳೂ ತಾನಿತ್ ದೇವಿಗೂ ಬಾಲ್ ಹಮ್ಮೋನನಿಗೂ ಹೊತ್ತ ಹರಕೆಗಳನ್ನು ಹೆಚ್ಚುಕಡಿಮೆ ಇದೇ ನುಡಿಯಲ್ಲಿ ದಾಖಲಿಸುತ್ತವೆ. 1929ರಿಂದ ಉತ್ಖನನ ನಡೆದ, ಸಿರಿಯಾದ ಪ್ರಾಚೀನ ನಗರ ಉಗಾರಿತಿನ ಮಣ್ಣಿನ ಫಲಕಗಳಲ್ಲಿ ಕಿರ್ತ ಎಂಬ ಅರಸನ ಕಥೆಯಿದೆ. ತಾನು ಬಯಸಿದ ಹೆಣ್ಣು ಕೈಹಿಡಿದರೆ ಅವಳ ತೂಕದ ಎರಡರಷ್ಟು ಬೆಳ್ಳಿಯನ್ನೂ ಮೂರರಷ್ಟು ಬಂಗಾರವನ್ನೂ ಅಶೇರಾ ದೇವಿಗೆ ಒಪ್ಪಿಸುವೆನೆಂದು ಅವನು ಹರಕೆ ಹೊರುತ್ತಾನೆ. ಮದುವೆಯಾಗಿ ಮಕ್ಕಳಾದ ಮೇಲೆ ಮಾತು ಮರೆತು, ಮರಣಾಂತಿಕ ಕಾಯಿಲೆಗೆ ತುತ್ತಾಗುತ್ತಾನೆ. ಯೋನನ ಪುಸ್ತಕದಲ್ಲಿ ಬಿರುಗಾಳಿಯಿಂದ ಪಾರಾದ ಅನ್ಯಜನಾಂಗದ ನಾವಿಕರು ಇಸ್ರಾಯೇಲ್ಯರ ದೇವರಾದ ಯೆಹೋವನಿಗೆ ಹರಕೆ ಹೊರುವುದು ಆ ಪ್ರದೇಶದ ಓದುಗರಿಗೆ ತೀರ ಸಹಜವಾಗಿಯೇ ತೋರಿದ್ದಿರಬೇಕು.

ಬೇತೇಲಿನಲ್ಲಿ ಯಾಕೋಬನು ದೇವರೊಡನೆ ವ್ಯಾಪಾರ ಮಾಡಿದನೇ?

ಅಣ್ಣನ ಕೋಪಕ್ಕೆ ಹೆದರಿ ಓಡಿಹೋಗುತ್ತಿದ್ದ ಯಾಕೋಬನು ತಲೆದಿಂಬಾಗಿಸಿದ್ದ ಕಲ್ಲನ್ನು ಸ್ತಂಭವಾಗಿ ನಿಲ್ಲಿಸಿ, ದೇವರು ತನ್ನನ್ನು ಕಾಪಾಡಿ, ಉಣ್ಣಲು ಅನ್ನವನ್ನೂ ಉಡಲು ಬಟ್ಟೆಯನ್ನೂ ಕೊಟ್ಟು, ತಂದೆಯ ಮನೆಗೆ ಸುಖವಾಗಿ ಮರಳಿಸಿದರೆ ಯೆಹೋವನೇ ತನಗೆ ದೇವರಾಗಿರುವನು, ಈ ಕಲ್ಲು ದೇವರ ಮನೆಯಾಗುವುದು, ದೊರೆತದ್ದರಲ್ಲಿ ಹತ್ತನೆಯ ಒಂದು ಪಾಲನ್ನು ಕೊಡುವೆನು ಎಂದು ಹೇಳಿದ್ದು ಆದಿಕಾಂಡದ 28ನೇ ಅಧ್ಯಾಯದಲ್ಲಿದೆ. ಷರತ್ತಿನ ಮಾತು ಇಲ್ಲಿದೆ ಎಂಬುದು ನಿಜ. ಆದರೆ ಯಾಕೋಬನು ಕೇಳಿದ ರಕ್ಷಣೆ ಮತ್ತು ಮರಳುವಿಕೆಗಳನ್ನು ದೇವರು ಅದೇ ರಾತ್ರಿ ಕನಸಿನಲ್ಲಿ ತಾನಾಗಿಯೇ ವಾಗ್ದಾನ ಮಾಡಿದ್ದನು; ಹಾಗಾಗಿ ಹರಕೆಯು ಬಂದ ವಾಗ್ದಾನಕ್ಕೆ ಕೊಟ್ಟ ಉತ್ತರವಾಗಿದೆ. ಬಹಳ ವರ್ಷಗಳ ಬಳಿಕ 31ನೇ ಅಧ್ಯಾಯದಲ್ಲಿ ದೇವರು ಆ ಹರಕೆಯನ್ನು ನೆನಪಿಸುತ್ತಾನೆ, 35ನೇ ಅಧ್ಯಾಯದಲ್ಲಿ ಬೇತೇಲಿಗೆ ಹೋಗೆಂದು ಮತ್ತೆ ಹೇಳುತ್ತಾನೆ. ಆಗ ಯಾಕೋಬನು ಮನೆಯವರ ಬಳಿಯಿದ್ದ ಅನ್ಯದೇವತೆಗಳ ವಿಗ್ರಹಗಳನ್ನು ಶೆಕೆಮಿನ ಬಳಿಯ ಮರದ ಬುಡದಲ್ಲಿ ಹೂಳಿ ಹೊರಡುತ್ತಾನೆ. ತಡವಾಗಿ ತೀರಿದ ಹರಕೆಯಾದರೂ ಅದನ್ನು ತೀರಿಸುವಾಗ ಅವನು ಮೊದಲು ತನ್ನ ಮನೆಯನ್ನೇ ಶುದ್ಧಮಾಡಿಕೊಂಡದ್ದನ್ನು ಗಮನಿಸಬೇಕು.

ಮನುಷ್ಯರನ್ನು ಹರಕೆಯಾಗಿ ಒಪ್ಪಿಸಿದರೆ ಏನು ಮಾಡುತ್ತಿದ್ದರು?

ಈ ಪ್ರಶ್ನೆಗೆ ಉತ್ತರ ಯಾಜಕಕಾಂಡದ 27ನೇ ಅಧ್ಯಾಯದಲ್ಲಿದೆ. ತನ್ನನ್ನೋ ಮನೆಯವರನ್ನೋ ದೇವರಿಗೆ ಮೀಸಲೆಂದು ಹರಕೆ ಹೊತ್ತವನು ಆ ವ್ಯಕ್ತಿಗೆ ನಿಗದಿಯಾದ ಬೆಳ್ಳಿಯನ್ನು ಸಲ್ಲಿಸಿ ಹರಕೆಯನ್ನು ತೀರಿಸುತ್ತಿದ್ದನು. 20ರಿಂದ 60 ವರ್ಷದ ಗಂಡಸಿಗೆ 50 ಶೆಕೆಲ್ (ಆ ಕಾಲದ ಬೆಳ್ಳಿಯ ತೂಕದ ಅಳತೆ), ಹೆಂಗಸಿಗೆ 30. 5ರಿಂದ 20ರೊಳಗಿನ ಹುಡುಗನಿಗೆ 20, ಹುಡುಗಿಗೆ 10. ಒಂದು ತಿಂಗಳಿಂದ 5 ವರ್ಷದೊಳಗಿನ ಗಂಡುಮಗುವಿಗೆ 5, ಹೆಣ್ಣುಮಗುವಿಗೆ 3. 60 ದಾಟಿದ ಗಂಡಸಿಗೆ 15, ಹೆಂಗಸಿಗೆ 10. ಈ ಅಂಕಿಗಳು ಬಹುಮಟ್ಟಿಗೆ ಆ ಕಾಲದ ದುಡಿಮೆಯ ಶಕ್ತಿಯ ಅಂದಾಜನ್ನು ಅನುಸರಿಸಿದಂತೆ ಕಾಣುತ್ತವೆ. ಮನುಷ್ಯನ ಘನತೆಯ ಅಳತೆಯೆಂದು ಅವನ್ನು ಓದುವುದು ತಪ್ಪಾಗುತ್ತದೆ. ಮುಖ್ಯವಾದ ಮಾತು ಇದರ ನಂತರ ಬರುತ್ತದೆ. ಅಷ್ಟು ಬೆಳ್ಳಿ ಕೊಡಲಾರದ ಬಡವನನ್ನು ಯಾಜಕನ ಮುಂದೆ ನಿಲ್ಲಿಸಬೇಕು, ಹರಕೆ ಹೊತ್ತವನ ಕೈಲಾದಷ್ಟಕ್ಕೆ ಯಾಜಕನು ಬೆಲೆಯನ್ನು ಇಳಿಸಬೇಕು. ಆವೇಶದಲ್ಲಿ ದೊಡ್ಡ ಮಾತಾಡಿಬಿಟ್ಟವನು ಸರ್ವನಾಶವಾಗದಂತೆ ಧರ್ಮಶಾಸ್ತ್ರವು ದಾರಿಯನ್ನು ಇಟ್ಟಿತ್ತು. ಮೀಸಲಿಟ್ಟ ಮನೆಯನ್ನು ಬಿಡಿಸಿಕೊಳ್ಳಬೇಕಾದರೆ ಅದರ ಬೆಲೆಯ ಮೇಲೆ ಐದನೆಯ ಒಂದು ಪಾಲನ್ನು ಹೆಚ್ಚಾಗಿ ಕೊಡಬೇಕಿತ್ತು; ಮಾತು ಬದಲಿಸುವುದು ಸಾಧ್ಯವಿತ್ತು, ಪುಕ್ಕಟೆಯಾಗಿರಲಿಲ್ಲ.

ಹರಕೆಗೆ ಸಲ್ಲದ ವಸ್ತುಗಳು ಯಾವುವು?

ಪಶುಗಳ ಚೊಚ್ಚಲು ಮರಿಯನ್ನು ಹರಕೆಗೆ ಕೊಡುವಂತಿರಲಿಲ್ಲ, ಏಕೆಂದರೆ ಅದು ಮೊದಲೇ ದೇವರ ಸ್ವತ್ತು. ವೇಶ್ಯಾವೃತ್ತಿಯಿಂದ ಬಂದ ಹಣವನ್ನು ಧರ್ಮೋಪದೇಶಕಾಂಡವು ನಿಷೇಧಿಸುತ್ತದೆ. ಕುಂದಿರುವ ಪಶುವೂ ಸಲ್ಲದು. ಅಂಗದಲ್ಲಿ ಹೆಚ್ಚುಕಡಿಮೆಯಿರುವ ದನವನ್ನೋ ಕುರಿಯನ್ನೋ ಸ್ವಇಚ್ಛೆಯ ಕಾಣಿಕೆಯಾಗಿ ಒಪ್ಪಿಸಬಹುದು, ಹರಕೆಗೆ ಮಾತ್ರ ಒಪ್ಪಿಸಬಾರದು ಎಂದು ಯಾಜಕಕಾಂಡದ 22ನೇ ಅಧ್ಯಾಯ ಹೇಳುತ್ತದೆ. ಹಿಂಡಿನಲ್ಲಿ ಒಳ್ಳೆಯ ಟಗರಿದ್ದರೂ ಕುಂದಿರುವುದನ್ನು ತಂದು ಹರಕೆ ತೀರಿಸುವವನನ್ನು ಪ್ರವಾದಿ ಮಲಾಕಿಯನು ವಂಚಕನೆಂದು ಕರೆದು ಶಪಿಸುತ್ತಾನೆ.

ಯೆಪ್ತಾಹನು ನಿಜವಾಗಿ ಮಗಳನ್ನು ಬಲಿಕೊಟ್ಟನೇ? ಕೊಡದೆ ಇರಬಹುದಿತ್ತೇ?

ಇಸ್ರಾಯೇಲ್ಯರ ನಾಯಕನಾಗಿದ್ದ ಗಿಲ್ಯಾದಿನ ಯೆಪ್ತಾಹನು ಅಮ್ಮೋನಿಯರ ಮೇಲೆ ಯುದ್ಧಕ್ಕೆ ಹೊರಡುವಾಗ, ತಾನು ಗೆದ್ದು ಮರಳಿದರೆ ತನ್ನ ಮನೆಯ ಬಾಗಿಲಿನಿಂದ ಮೊದಲು ಎದುರುಗೊಳ್ಳಲು ಬರುವುದನ್ನು ಸರ್ವಾಂಗಹೋಮವಾಗಿ, ಅಂದರೆ ಪೂರ್ತಿಯಾಗಿ ಸುಡುವ ಬಲಿಯಾಗಿ, ಅರ್ಪಿಸುವೆನೆಂದು ಹರಕೆ ಹೊತ್ತನು. ಇಪ್ಪತ್ತು ಪಟ್ಟಣಗಳನ್ನು ಗೆದ್ದು ತನ್ನ ಮನೆಯಿದ್ದ ಮಿಚ್ಪೆಗೆ ಬಂದಾಗ ದಮ್ಮಡಿ ಬಾರಿಸುತ್ತ ಕುಣಿಯುತ್ತ ಎದುರಿಗೆ ಬಂದವಳು ಅವನ ಒಬ್ಬಳೇ ಮಗಳು. ಅವಳು ಎರಡು ತಿಂಗಳ ಅವಕಾಶ ಕೇಳಿ, ಗೆಳತಿಯರೊಡನೆ ಬೆಟ್ಟಗಳಲ್ಲಿ ತನ್ನ ಕನ್ಯಾವಸ್ಥೆಗಾಗಿ ಗೋಳಾಡಿ ಮರಳಿದಳು. ತಂದೆಯು ಹರಕೆಯಂತೆ ಅವಳಿಗೆ ಮಾಡಿದನೆಂದು ನ್ಯಾಯಸ್ಥಾಪಕರ 11ನೇ ಅಧ್ಯಾಯ ಹೇಳುತ್ತದೆ. ಅವಳ ಹೆಸರನ್ನು ಅದು ಹೇಳುವುದಿಲ್ಲ.

ಹಳೆಯ ಯೆಹೂದಿ ಮತ್ತು ಕ್ರೈಸ್ತ ವ್ಯಾಖ್ಯಾನಕಾರರಲ್ಲಿ ಬಹುಪಾಲು ಜನ ಇದನ್ನು ಬಲಿಯೆಂದೇ ಓದಿದರು. 12ನೇ ಶತಮಾನದ ಕೊನೆ ಮತ್ತು 13ನೇ ಶತಮಾನದ ಆರಂಭದಲ್ಲಿ ಬಾಳಿದ ಡೇವಿಡ್ ಕಿಮ್ಹಿ ಎಂಬ ಯೆಹೂದಿ ವಿದ್ವಾಂಸನು ಅವಳನ್ನು ಕೊಲ್ಲದೆ ಮದುವೆಯಿಲ್ಲದ ಏಕಾಂತವಾಸದಲ್ಲಿ ಇರಿಸಿದರೆಂದು ವಿವರಿಸಿದನು. ಇಂದಿಗೂ ಹಲವರು ಆ ಓದಿನ ಕಡೆ ವಾಲುತ್ತಾರೆ. ಕನ್ಯಾವಸ್ಥೆಯ ಮಾತು ಅದಕ್ಕೆ ಬಲ ಕೊಡುತ್ತದೆಯಾದರೂ, ಸರ್ವಾಂಗಹೋಮವೆಂಬ ಮಾತನ್ನು ಮೆತ್ತಗೆ ಮಾಡುವುದು ನಮಗೆ ಕಷ್ಟವಾಗಿ ಕಾಣುತ್ತದೆ. ಪಠ್ಯವು ಈ ಕೃತ್ಯವನ್ನು ಎಲ್ಲಿಯೂ ಮೆಚ್ಚಿಕೊಂಡಿಲ್ಲ. ಮಕ್ಕಳನ್ನು ಬಲಿಕೊಡುವುದನ್ನು ಧರ್ಮೋಪದೇಶಕಾಂಡದ 12ನೇ ಅಧ್ಯಾಯವೂ ಯಾಜಕಕಾಂಡದ 20ನೇ ಅಧ್ಯಾಯವೂ ಯೆಹೋವನಿಗೆ ಅಸಹ್ಯವಾದುದೆಂದು ಖಂಡಿಸುತ್ತವೆ. ಆದ್ದರಿಂದ ನಿಷಿದ್ಧವಾದುದನ್ನು ಮಾಡುವೆನೆಂದು ಹೊತ್ತ ಹರಕೆ ಹರಕೆಯೇ ಅಲ್ಲವೆಂದು ಅವನಿಗೆ ಯಾರಾದರೂ ಹೇಳಬೇಕಿತ್ತು.

ಹೇಳುವವರು ಏಕೆ ಬರಲಿಲ್ಲ ಎಂಬ ಪ್ರಶ್ನೆ ಪ್ರಾಚೀನ ರಬ್ಬಿಗಳನ್ನೂ (ಯೆಹೂದಿ ಧರ್ಮಗುರುಗಳನ್ನೂ) ಕಾಡಿತ್ತು. ಮಿದ್ರಾಷ್ ಎಂಬ ಧರ್ಮಗ್ರಂಥದ ವ್ಯಾಖ್ಯಾನದಲ್ಲಿ ಬರುವ ಅವರ ವಿವರಣೆಯ ಪ್ರಕಾರ, ತಾನು ಮಹಾಯಾಜಕನಾಗಿ ಈ ತಿಳಿಗೇಡಿಯ ಬಳಿಗೆ ಹೋಗುವುದೇ ಎಂದು ಫೀನೆಹಾಸನು ಕುಳಿತನು, ತಾನು ಇಸ್ರಾಯೇಲಿನ ನಾಯಕನಾಗಿ ಅವನ ಬಳಿಗೆ ಹೋಗುವುದೇ ಎಂದು ಯೆಪ್ತಾಹನು ಕುಳಿತನು. ಇಬ್ಬರ ಪ್ರತಿಷ್ಠೆಯ ನಡುವೆ ಆ ಹೆಣ್ಣುಮಗಳು ಅಳಿದಳು. ಅವಳ ಬದಲಿಗೆ ಬೆಳ್ಳಿಯನ್ನು ಸಲ್ಲಿಸಿದ್ದರೆ ಸಾಕಿತ್ತೆಂದು ಒಬ್ಬ ರಬ್ಬಿ, ಅದೂ ಬೇಕಿರಲಿಲ್ಲವೆಂದು ಇನ್ನೊಬ್ಬರು ವಾದಿಸಿದರು.

ಇನ್ನೊಂದು ವಿಷಯವನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಯೆಹೋವನ ಆತ್ಮವು ಯೆಪ್ತಾಹನ ಮೇಲೆ ಬಂದದ್ದು ಹರಕೆಗಿಂತ ಹಿಂದಿನ ವಚನದಲ್ಲಿಯೇ. ದೇವರ ಸಹಾಯ ಆಗಲೇ ಒದಗಿತ್ತು, ಹರಕೆಯಿಂದ ಕೊಂಡುಕೊಳ್ಳಬೇಕಾದದ್ದು ಏನೂ ಉಳಿದಿರಲಿಲ್ಲ. ಗೆಲುವಿನ ಕೀರ್ತಿ ತಂದೆಗೆ ಬಂತು, ಅದರ ಬೆಲೆಯನ್ನು ಆ ಮಾತನ್ನು ಆಡದ ಮಗಳು ತೆತ್ತಳು. ಅವಳು ಒಪ್ಪಿದಳಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ತಂದೆಯು ಬಟ್ಟೆ ಹರಿದುಕೊಂಡು, ನೀನೇ ನನ್ನನ್ನು ಕುಗ್ಗಿಸಿದೆ ಎಂದು ಅವಳನ್ನೇ ದೂರುತ್ತಿರುವಾಗ ದೊರೆತ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಇದೇ ಬಗೆಯ ಇನ್ನೊಂದು ಪ್ರಸಂಗವಿದೆಯೇ?

1 ಸಮುವೇಲನ 14ನೇ ಅಧ್ಯಾಯವನ್ನು ಯೆಪ್ತಾಹನ ಕಥೆಯ ಪಕ್ಕದಲ್ಲಿಟ್ಟು ಓದಬೇಕು. ಅದು ಹರಕೆಯಲ್ಲ, ಆಣೆ. ಸಾಯಂಕಾಲದೊಳಗೆ ಆಹಾರ ತಿಂದವನು ಶಾಪಗ್ರಸ್ತನೆಂದು ಇಸ್ರಾಯೇಲಿನ ಅರಸ ಸೌಲನು ಯುದ್ಧದ ದಿನ ಸೈನಿಕರಿಂದ ಆಣೆ ಇಡಿಸಿದನು. ಅದನ್ನು ಕೇಳಿಸಿಕೊಳ್ಳದಿದ್ದ ಅವನ ಮಗ ಯೋನಾತಾನನು ಕಾಡಿನಲ್ಲಿ ಜೇನು ತಿಂದನು. ಹಸಿದು ಬಸವಳಿದ ಸೈನಿಕರು ಕೊಳ್ಳೆಯ ದನಗಳನ್ನು ಕೊಯ್ದು ರಕ್ತಸಹಿತ ಮಾಂಸವನ್ನು ತಿಂದು, ಅದಕ್ಕಿಂತ ದೊಡ್ಡ ಕಟ್ಟಳೆಯನ್ನೇ ಮುರಿದರು. ಸೌಲನು ಮಗನನ್ನು ಕೊಲ್ಲಲು ಮುಂದಾದಾಗ ಜನರು ಎದ್ದುನಿಂತು, ಅವನ ತಲೆಯ ಒಂದು ಕೂದಲೂ ನೆಲಕ್ಕೆ ಬೀಳಕೂಡದೆಂದು ತಾವೂ ಪ್ರಮಾಣ ಮಾಡಿ ಬಿಡಿಸಿಕೊಂಡರು. ಮಿಚ್ಪೆಯಲ್ಲಿ ಹೀಗೆ ಎದ್ದುನಿಂತವರು ಯಾರೂ ಇರಲಿಲ್ಲ.

ಹನ್ನಳೂ ತನ್ನ ಮಗನನ್ನೇ ಕೊಟ್ಟಳಲ್ಲವೇ? ಅದು ಹೇಗೆ ಬೇರೆಯಾಗುತ್ತದೆ?

ಇದು ನ್ಯಾಯವಾದ ಪ್ರಶ್ನೆ, ಮತ್ತು ಇದಕ್ಕೆ ಸುಲಭದ ಉತ್ತರ ಕೊಡಬಾರದು. 1 ಸಮುವೇಲನ ಆರಂಭದಲ್ಲಿ ಬರುವ, ಮಕ್ಕಳಿಲ್ಲದ ಹನ್ನಳು ದೇವರ ಗುಡಾರವಿದ್ದ ಶೀಲೋವಿನಲ್ಲಿ ಕಣ್ಣೀರಿಡುತ್ತ, ಗಂಡುಮಗುವನ್ನು ಕೊಟ್ಟರೆ ಅವನನ್ನು ಜೀವಮಾನವೆಲ್ಲ ಯೆಹೋವನಿಗೆ ಒಪ್ಪಿಸುವೆನು, ಅವನ ತಲೆಯ ಮೇಲೆ ಕ್ಷೌರಕತ್ತಿ ಬರುವುದಿಲ್ಲ ಎಂದು ಹರಕೆ ಹೊತ್ತಳು. ತುಟಿ ಅಲ್ಲಾಡುತ್ತಿದ್ದು ದನಿ ಕೇಳಿಸದಿದ್ದುದರಿಂದ ಯಾಜಕ ಏಲಿಯು ಅವಳು ಕುಡಿದಿದ್ದಾಳೆಂದು ಭಾವಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಸಮುವೇಲನು ಹುಟ್ಟಿ ಮೊಲೆಬಿಟ್ಟ ಮೇಲೆ ಅವಳು ಅವನನ್ನು ಶೀಲೋವಿಗೆ ಕರೆದೊಯ್ದು ಬಿಟ್ಟುಬಂದಳು. ಆ ಕಾಲದಲ್ಲಿ ಎರಡು ಮೂರು ವರ್ಷದವರೆಗೂ ಹಾಲೂಡಿಸುತ್ತಿದ್ದುದುಂಟು. ಅಷ್ಟು ಎಳೆಯ ಮಗುವು ತನ್ನ ಬಾಳನ್ನು ತಾನೇ ಆರಿಸಿಕೊಂಡಿರಲಿಲ್ಲವೆಂಬುದನ್ನು ಪಠ್ಯವೂ ಮರೆಮಾಚುವುದಿಲ್ಲ.

ಆದರೂ ಇಲ್ಲಿ ಮೂರ್ನಾಲ್ಕು ಸಂಗತಿಗಳು ಬೇರೆಯಾಗಿವೆ. ಹನ್ನಳು ಏನನ್ನು ಕೊಡುತ್ತಿದ್ದೇನೆಂಬುದನ್ನು ಬಲ್ಲವಳಾಗಿ ಹರಕೆ ಹೊತ್ತಳು. ಬಾಗಿಲಿನಿಂದ ಬರುವುದು ಯಾವುದಾದರೂ ಸರಿಯೆಂದು ಅವಳು ಹೇಳಲಿಲ್ಲ. ಮಗುವನ್ನು ಕೊಟ್ಟದ್ದು ಬದುಕಿಗೆ, ಸಾವಿಗಲ್ಲ. ಗಂಡನಾದ ಎಲ್ಕಾನನ ಮುಂದೆ ವಿಷಯವನ್ನಿಟ್ಟಳು, ನಿನಗೆ ಸರಿತೋರಿದಂತೆ ಮಾಡೆಂದು ಅವನು ಒಪ್ಪಿದನು. ಎಲ್ಲಕ್ಕಿಂತ ಮಿಗಿಲಾಗಿ, ಬಹುಕಾಲ ಬಯಸಿ ಪಡೆದ ಮಗುವಿಲ್ಲದ ಮನೆಗೆ ಮರಳಿದವಳು ಅವಳೇ. ಪ್ರತಿ ವರ್ಷ ಚಿಕ್ಕ ನಿಲುವಂಗಿಯೊಂದನ್ನು ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳೆಂಬ ಒಂದು ವಾಕ್ಯದಲ್ಲಿ ಅವಳು ತೆತ್ತ ಬೆಲೆ ಎಷ್ಟೆಂದು ತಿಳಿಯುತ್ತದೆ. ಮುಂದೆ ಅದೇ ಪುಸ್ತಕದ 3ನೇ ಅಧ್ಯಾಯದಲ್ಲಿ ದೇವರು ಹುಡುಗನನ್ನು ಹೆಸರುಹಿಡಿದು ಕರೆದಾಗ ಸಮುವೇಲನು ಸ್ವತಃ ಓಗೊಡುತ್ತಾನೆ. ತಾಯಿಯ ಹರಕೆ ಅವನನ್ನು ಗುಡಾರದವರೆಗೆ ತಂದಿತು, ಸೇವೆಗೆ ಒಪ್ಪಿದ್ದು ಅವನ ಬಾಯಿ. ದೊಡ್ಡವನಾದ ಮೇಲೆ ಅವನು ಮನೆ ಮಾಡಿಕೊಂಡದ್ದು ತಂದೆತಾಯಿಯ ಊರಾದ ರಾಮದಲ್ಲಿಯೇ. ಹೀಗಿದ್ದರೂ ಹನ್ನಳ ಉದಾಹರಣೆಯನ್ನು ಹಿಡಿದು ಹುಟ್ಟದ ಮಗುವಿನ ಬಾಳನ್ನೋ ಓದನ್ನೋ ಮದುವೆಯನ್ನೋ ಹರಕೆಗೆ ಕಟ್ಟುವುದನ್ನು ನಾವು ಯಾರಿಗೂ ಸಲಹೆ ಮಾಡಲಾರೆವು.

ಹೆಂಗಸರ ಹರಕೆಯನ್ನು ಗಂಡಸರು ರದ್ದುಮಾಡಬಹುದಿತ್ತೇ?

ಅರಣ್ಯಕಾಂಡದ 30ನೇ ಅಧ್ಯಾಯದಂತೆ ಹೌದು. ತವರುಮನೆಯಲ್ಲಿರುವ ಯುವತಿಯ ಹರಕೆಯನ್ನು ತಂದೆ, ವಿವಾಹಿತೆಯ ಹರಕೆಯನ್ನು ಗಂಡ ರದ್ದುಮಾಡಬಹುದಿತ್ತು, ಆದರೆ ಕೇಳಿದ ದಿನವೇ ಮಾಡಬೇಕಿತ್ತು. ಸುಮ್ಮನಿದ್ದರೆ ಒಪ್ಪಿದಂತೆ, ತಡವಾಗಿ ರದ್ದುಮಾಡಿದ ಗಂಡನು ಅವಳ ದೋಷವನ್ನು ತಾನೇ ಹೊರಬೇಕಿತ್ತು. ವಿಧವೆಯ ಮತ್ತು ಗಂಡ ಬಿಟ್ಟವಳ ಮಾತನ್ನು ಯಾರೂ ಮುಟ್ಟುವಂತಿರಲಿಲ್ಲ. ಇಂದಿನ ಕಣ್ಣಿಗೆ ಈ ಅಸಮಾನತೆ ನೋವುಂಟುಮಾಡುತ್ತದೆ, ಅದನ್ನು ಸಮರ್ಥಿಸುವ ಅಗತ್ಯವೂ ಇಲ್ಲ. ಮನೆಯ ಆಸ್ತಿ ಯಜಮಾನನ ಕೈಯಲ್ಲಿದ್ದ ಸಮಾಜದಲ್ಲಿ ಹರಕೆ ತೀರಿಸುವ ಖರ್ಚು ಅವನ ಮೇಲೆ ಬೀಳುತ್ತಿದ್ದುದನ್ನು ಇದರ ಹಿನ್ನೆಲೆಯಾಗಿ ತಿಳಿದಿರಬೇಕು.

ನಾಜೀರ ವ್ರತವೆಂದರೇನು?

ಅರಣ್ಯಕಾಂಡದ 6ನೇ ಅಧ್ಯಾಯದ ಪ್ರಕಾರ ಗಂಡಸಾಗಲಿ ಹೆಂಗಸಾಗಲಿ ಒಂದು ಅವಧಿಯವರೆಗೆ ದ್ರಾಕ್ಷಾರಸವನ್ನೂ ದ್ರಾಕ್ಷಿಯಿಂದಾದ ಯಾವುದನ್ನೂ ಸೇವಿಸದೆ, ಕೂದಲು ಕತ್ತರಿಸದೆ, ತಂದೆತಾಯಿ ಸತ್ತರೂ ಶವದ ಬಳಿಗೆ ಹೋಗದೆ ಇರುವ ವಿಶೇಷ ಹರಕೆಯಿದು. ಯಾರಾದರೂ ಹತ್ತಿರದಲ್ಲಿ ತಟ್ಟನೆ ಸತ್ತು ಮೈಲಿಗೆಯಾದರೆ ಕಳೆದ ದಿನಗಳು ಲೆಕ್ಕಕ್ಕಿಲ್ಲ, ಮೊದಲಿನಿಂದ ಆರಂಭಿಸಬೇಕು. ಅವಧಿ ಮುಗಿದಾಗ ಗಂಡು ಕುರಿಮರಿ, ಹೆಣ್ಣು ಕುರಿಮರಿ, ಟಗರು ಮತ್ತು ಹುಳಿಯಿಲ್ಲದ ರೊಟ್ಟಿಗಳನ್ನು ಒಪ್ಪಿಸಿ, ತಲೆ ಬೋಳಿಸಿ, ಆ ಕೂದಲನ್ನು ಸಮಾಧಾನಯಜ್ಞದ (ಮಾಂಸದ ಒಂದು ಪಾಲನ್ನು ತಂದವರೇ ಉಣ್ಣುತ್ತಿದ್ದ ಬಲಿಯ) ಬೆಂಕಿಗೆ ಹಾಕಬೇಕಿತ್ತು.

ಇಷ್ಟು ಖರ್ಚನ್ನು ಬಡವರು ಭರಿಸುವುದು ಕಷ್ಟವಾದ್ದರಿಂದ, ಯೆರೂಸಲೇಮಿನ ಎರಡನೇ ದೇವಾಲಯದ ಕೊನೆಯ ದಿನಗಳಲ್ಲಿ, ಅಂದರೆ ಕ್ರಿಸ್ತಶಕ 1ನೇ ಶತಮಾನದಲ್ಲಿ, ಇತರರು ಅವರ ಪರವಾಗಿ ಕೊಡುವ ರೂಢಿ ಬೆಳೆಯಿತು. ಒಂದನೆಯ ಅಗ್ರಿಪ್ಪ ರಾಜನು ಅನೇಕ ನಾಜೀರರ ವ್ರತಸಮಾಪ್ತಿಗೆ ನೆರವಾದದ್ದನ್ನು ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಯೆರೂಸಲೇಮಿನಲ್ಲಿ ನಾಲ್ವರ ಖರ್ಚನ್ನು ವಹಿಸಲು ಅಪೊಸ್ತಲ ಪೌಲನಿಗೆ ಹೇಳಿದ್ದು ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳ 21ನೇ ಅಧ್ಯಾಯದಲ್ಲಿದೆ. ಇಸ್ರಾಯೇಲಿನ ಹೊರಗಿದ್ದ ಅದಿಯಾಬೇನ್ ರಾಜ್ಯದ ರಾಣಿ ಹೆಲೆನಾಳ ಕಥೆಯನ್ನು, ರಬ್ಬಿಗಳ ಕಟ್ಟಳೆಗಳ ಹಳೆಯ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಮಗನು ಯುದ್ಧದಿಂದ ಕ್ಷೇಮವಾಗಿ ಮರಳಿದರೆ ಏಳು ವರ್ಷ ನಾಜೀರಳಾಗಿರುವೆನೆಂದು ಹರಕೆ ಹೊತ್ತು, ತೀರಿಸಿ, ಇಸ್ರಾಯೇಲ್ ನಾಡಿಗೆ ಬಂದಾಗ, ಹೊರನಾಡಿನ ವ್ರತ ಸಲ್ಲದೆಂದು ಹಿಲ್ಲೇಲ್ ಎಂಬ ಯೆಹೂದಿ ಗುರುವಿನ ಪಂಥದವರು ಮತ್ತೆ ಏಳು ವರ್ಷ ವಿಧಿಸಿದರು. ಅದರ ಕೊನೆಯಲ್ಲಿ ಮೈಲಿಗೆಯಾಗಿ ಒಟ್ಟು 21 ವರ್ಷ ವ್ರತ ನಡೆಸಿದಳು. 14 ವರ್ಷ ಮಾತ್ರವೆಂದು ರಬ್ಬಿ ಯೆಹೂದನ ಅಭಿಪ್ರಾಯ. ಎರಡರಲ್ಲಿ ಯಾವುದಾದರೂ ಸರಿ, ಆಕೆ ಆ ವ್ರತವನ್ನು ಇತರರ ಮೇಲೆ ಹೊರಿಸದೆ ತನ್ನ ಮೈಮೇಲೆಯೇ ಹೊತ್ತಳು.

ಹರಕೆಯನ್ನು ನೆಪವಾಗಿ ಬಳಸಿದವರಿದ್ದರೇ?

ಅಬ್ಷಾಲೋಮನಿದ್ದನು. ಗೆಷೂರಿನಲ್ಲಿದ್ದಾಗ ಹೊತ್ತ ಹರಕೆಯನ್ನು ಹೆಬ್ರೋನಿನಲ್ಲಿ ತೀರಿಸಬೇಕೆಂದು ತಂದೆ ದಾವೀದನಿಂದ ಅಪ್ಪಣೆ ಪಡೆದು ಹೋದವನು ಅಲ್ಲಿ ತನ್ನನ್ನೇ ಅರಸನೆಂದು ಸಾರಿಸಿಕೊಂಡನು. ಏನೂ ಅರಿಯದ ಇನ್ನೂರು ಜನರು ಕರೆಯನ್ನು ನಂಬಿ ಅವನೊಡನೆ ಹೋಗಿದ್ದರೆಂದು 2 ಸಮುವೇಲನ 15ನೇ ಅಧ್ಯಾಯ ಹೇಳುತ್ತದೆ.

ಯೇಸುವಿನ ಕಾಲದಲ್ಲಿ ಇನ್ನೊಂದು ಬಗೆ ಕಾಣುತ್ತದೆ. ತಂದೆತಾಯಿಗೆ ಸಲ್ಲಬೇಕಾದ ನೆರವನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿಬಿಟ್ಟರೆ ಮಗನು ಅವರಿಗೆ ಏನನ್ನೂ ಕೊಡಬೇಕಾಗಿಲ್ಲವೆಂಬ ವಾದವನ್ನು ಯೇಸು ಮಾರ್ಕನ 7ನೇ ಅಧ್ಯಾಯದಲ್ಲಿ ಕಟುವಾಗಿ ಖಂಡಿಸುತ್ತಾನೆ. ಇದನ್ನು ಯೆಹೂದಿ ಗುರುಗಳೆಲ್ಲರ ಮೇಲಿನ ಆರೋಪವಾಗಿ ಓದುವುದು ಅನ್ಯಾಯ. ತಂದೆತಾಯಿಗೆ ಸಂಬಂಧಿಸಿದ ಹರಕೆಯನ್ನು ಅವರ ಗೌರವದ ಕಾರಣದಿಂದಲೇ ಬಿಡಿಸಬಹುದೆಂಬ ವಿಷಯದಲ್ಲಿ ಇತರ ವಿದ್ವಾಂಸರೂ ರಬ್ಬಿ ಎಲಿಯೇಜರನನ್ನು ಒಪ್ಪಿದರೆಂದು ಮಿಷ್ನಾ ದಾಖಲಿಸುತ್ತದೆ.

ತೀರಿಸಲಾಗದ ಹರಕೆಯಿಂದ ಬಿಡುಗಡೆ ಇದೆಯೇ?

ಯೆಹೂದಿ ಸಂಪ್ರದಾಯದಲ್ಲಿ ವಿದ್ವಾಂಸರೊಬ್ಬರ ಮುಂದೆ ಅಥವಾ ಮೂವರ ಮುಂದೆ ನಿಂತು, ಇದರ ಪರಿಣಾಮ ತಿಳಿದಿದ್ದರೆ ಹರಕೆ ಹೊರುತ್ತಲೇ ಇರಲಿಲ್ಲವೆಂದು ಕಾರಣಸಹಿತ ನಿವೇದಿಸಿ ಬಿಡುಗಡೆ ಪಡೆಯುವ ಕ್ರಮ ಬೆಳೆಯಿತು. ಇಂಥ ಬಿಡುಗಡೆಯ ನಿಯಮಗಳು ಆಧಾರವಿಲ್ಲದೆ ಗಾಳಿಯಲ್ಲಿ ತೂಗುತ್ತವೆಂದು ಮಿಷ್ನಾವೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದೆ. ಆದರೂ ಯೆಪ್ತಾಹನ ಮಗಳಂಥವರನ್ನು ಉಳಿಸಲು ಈ ದಾರಿ ಬೇಕಿತ್ತು. ಯೆಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್ ಸಂಜೆಯ ‘ಕೋಲ್ ನಿದ್ರೇ’ (‘ಎಲ್ಲ ಹರಕೆಗಳು’ ಎಂದರ್ಥ) ಪಠನವೂ ದೇವರ ಮತ್ತು ಮನುಷ್ಯನ ನಡುವಿನ ಹರಕೆಗಳನ್ನು ಕುರಿತದ್ದೇ ಹೊರತು ಇನ್ನೊಬ್ಬ ಮನುಷ್ಯನಿಗೆ ಕೊಟ್ಟ ಮಾತನ್ನು ಅಳಿಸುವುದಿಲ್ಲ.

ಕರ್ನಾಟಕದಲ್ಲಿ ಹರಕೆ ಹೊರುವ ಲ್ಯಾಟಿನ್ ವಿಧಿಯ ಕಥೋಲಿಕರಿಗೆ 1983ರ ಧರ್ಮಸಭೆಯ ಕಾನೂನುಸಂಹಿತೆ ಅನ್ವಯಿಸುತ್ತದೆ. ಸಾಧ್ಯವಾದ ಮತ್ತು ಹೆಚ್ಚು ಒಳಿತಾದ ವಿಷಯದಲ್ಲಿ, ಯೋಚಿಸಿ ಸ್ವತಂತ್ರವಾಗಿ ಕೊಟ್ಟ ಮಾತು ಮಾತ್ರ ಹರಕೆಯೆಂದು ಅದರ 1191ನೇ ನಿಯಮ ಹೇಳುತ್ತದೆ. ಅನ್ಯಾಯದ ಘೋರ ಭಯದಿಂದಲೋ ಮೋಸದಿಂದಲೋ ಆದದ್ದು ಅಸಿಂಧು. ಹರಕೆಯು ಸ್ವಭಾವತಃ ಹೊತ್ತವರನ್ನು ಮಾತ್ರ ಕಟ್ಟುತ್ತದೆಂಬುದು 1193ನೇ ನಿಯಮ. ಕೈಮೀರಿದ ಹರಕೆಯ ಭಯದಲ್ಲಿ ಒಬ್ಬರೇ ಕೊರಗುವ ಬದಲು ತಮ್ಮ ಧರ್ಮಕೇಂದ್ರದ ಗುರುಗಳನ್ನು ಕಂಡು ವಿಷಯ ತಿಳಿಸುವುದು ಒಳಿತು. ವಿನಾಯಿತಿ ನೀಡುವ ಅಧಿಕಾರ ಯಾರಿಗಿದೆಯೆಂಬುದನ್ನು ಅವರು ತಿಳಿಸುತ್ತಾರೆ.

ಹರಕೆ ತೀರಿಸುವ ದಿನ ಏನು ನಡೆಯುತ್ತಿತ್ತು?

ಹರಕೆಯ ಸಮಾಧಾನಯಜ್ಞದಲ್ಲಿ ಕೊಬ್ಬು ಯಜ್ಞವೇದಿಗೆ, ನಿಗದಿಯಾದ ಪಾಲು ಯಾಜಕನಿಗೆ, ಉಳಿದ ಮಾಂಸವೆಲ್ಲ ತಂದವನಿಗೆ ಸಲ್ಲುತ್ತಿತ್ತು. ಆ ಮಾಂಸವನ್ನು ಅದೇ ದಿನ ಮತ್ತು ಮರುದಿನ ತಿಂದು ಮುಗಿಸಬೇಕು, ಮೂರನೇ ದಿನ ಉಳಿದದ್ದನ್ನು ಸುಟ್ಟುಬಿಡಬೇಕೆಂದು ಯಾಜಕಕಾಂಡದ 7ನೇ ಅಧ್ಯಾಯ ವಿಧಿಸುತ್ತದೆ. ಒಂದು ಇಡೀ ಟಗರನ್ನೋ ಹೋರಿಯನ್ನೋ ಎರಡು ದಿನದಲ್ಲಿ ಒಂದು ಮನೆಯವರು ತಿಂದು ಮುಗಿಸಲಾರರು, ಆದ್ದರಿಂದ ಬಂಧುಗಳನ್ನೂ ನೆರೆಯವರನ್ನೂ ಕರೆಯದೆ ಗತ್ಯಂತರವಿರಲಿಲ್ಲ. 22ನೇ ಕೀರ್ತನೆಯಲ್ಲಿ ಕವಿಯು ಸಭೆಯ ಮುಂದೆ ತನ್ನ ಹರಕೆಗಳನ್ನು ಸಲ್ಲಿಸುವೆನೆಂದು ಹೇಳಿದ ಮರುವಚನದಲ್ಲಿಯೇ ದೀನರು ಉಂಡು ತೃಪ್ತರಾಗುವರೆಂದು ಸೇರಿಸಿದ್ದಾನೆ.